ಯಾವ ಗಂಡನ ಕಡೆ?

ಇಷ್ಟೆಲ್ಲ ರಾದ್ಧಾಂತ ಶುರುವಾದದ್ದು ಶಿವಕುಮಾರನ ಹಾಲಿಗೆ ನೀರು ಹೆಚ್ಚಾದದ್ದರಿಂದ.

ಗಂಗಮ್ಮನಕುಂಟೆಯ ಹಾಲಿನ ಡೈರಿಗೆ ಕದಿರೇಶನೇ ಕಾರ್ಯದರ್ಶಿ. ಬೆಳಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ ಊರಿನ ಎಂಥ ದೊಡ್ಡ ಮನುಷ್ಯನಾದರೂ ಕ್ಯಾನು ಹಿಡಿದು ಅವನ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಅವತ್ತು ಅವನು ಶಿವಕುಮಾರನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ಮುಳುಗಿದ ಪರಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, “ಏನ್ ಶಿವಣ್ಣ, ನಿನ್ ಹಸು ಕುಂಟೇಲಿ ಈಜಾಡ್ಕೊಂಡ್ ಬಂತಾ?” ಎಂದುಬಿಟ್ಟ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಶಿವಕುಮಾರ ನಗಲಿಲ್ಲ. ತಲೆ ಎತ್ತಿ, ಡೈರಿಯ ಎದುರಿಗೆ ಕಟ್ಟಿದ್ದ ಹೊಸ ಫ್ಲೆಕ್ಸನ್ನು ನಿಧಾನವಾಗಿ ಓದಿದ.

ಫ್ಲೆಕ್ಸಿನಲ್ಲಿ ಕದಿರೇಶ ಕೈಮುಗಿದು ನಿಂತಿದ್ದ. ಇಂದು ಸಂಜೆ ಕುಂಟೆಯ ಕಟ್ಟೆಯ ಮೇಲೆ ದೊಡ್ಡಗಂಗಮ್ಮ ಕಮಾನಿನ ಉದ್ಘಾಟನೆ. ಊರು ಕಟ್ಟಿದ ಮಹಾತಾಯಿಯ ನೇರ ವಂಶಸ್ಥರಾದ ಶ್ರೀ ಕದಿರೇಶ್ ಅವರಿಗೆ ಮೊದಲ ತಾಂಬೂಲ ಮತ್ತು ಸನ್ಮಾನ ಎಂದು ಪಕ್ಕದಲ್ಲಿ ಬರೆದಿತ್ತು.

ದೊಡ್ಡಗಂಗಮ್ಮನ ಕತೆ ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಮೂವರು ಗಂಡಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಕಳೆದುಕೊಂಡ ಹೆಂಗಸು. ಮುಖ ನೋಡಿದರೆ ಅಪಶಕುನ ಎಂದು ಯಾವ ಊರಿನವರೂ ಹತ್ತಿರ ಸೇರಿಸಲಿಲ್ಲ. ಅವಳು ಅಳುತ್ತ ಕೂರಲಿಲ್ಲ. ಒಂದು ಹಾರೆ, ಒಂದು ಮಂಕರಿ ಹೊತ್ತುಕೊಂಡು, ಟೇಕಲ್ ಬೆಟ್ಟದ ಈಚೆಗೆ ಬಂಡೆ, ಕಳ್ಳಿ ಬಿಟ್ಟರೆ ಇನ್ನೇನೂ ಇಲ್ಲದ ಜಾಗಕ್ಕೆ ಬಂದು ಕುಂಟೆ ತೋಡಿದಳು. ನೀರು ನಿಂತಿತು. ನೀರಿನ ಹಿಂದೆ ರಾಗಿ ಬಂತು, ರಾಗಿಯ ಹಿಂದೆ ಜನ ಬಂದರು. ಅವಳನ್ನು ಹತ್ತಿರ ಸೇರಿಸದಿದ್ದವರ ಮೊಮ್ಮಕ್ಕಳ ಮೊಮ್ಮಕ್ಕಳೂ ಇವತ್ತು ಅವಳ ಹೆಸರಿನ ಊರಿನಲ್ಲೇ ಇದ್ದಾರೆ.

ಇಂಥವಳ ವಂಶದವನು ತಾನು ಎನ್ನುವ ಹೆಮ್ಮೆ ಕದಿರೇಶನಿಗೆ ಉಸಿರಾಟದಷ್ಟೇ ಸಹಜವಾಗಿತ್ತು. ಅವನ ಮನೆತನಕ್ಕೆ ‘ಪಾರಿನೋರು’ ಎಂದು ಹೆಸರು. ಯಾರಾದರೂ ಹೊಸಬರು ಸಿಕ್ಕಿದರೆ ಸಾಕು, “ಪಾರಿನೋರು ಅಂದ್ರೆ ಊರನ್ನ ಕಷ್ಟದಿಂದ ಪಾರು ಮಾಡಿದೋರು” ಎಂದು ಅರ್ಥ ಬಿಡಿಸಿ ಹೇಳಿಯೇ ಮುಂದಿನ ಮಾತು.

ಶಿವಕುಮಾರ ಫ್ಲೆಕ್ಸ್ ಓದಿ ಮುಗಿಸಿದ. “ಅಲ್ಲ ಕದಿರೇಶ, ಆಯಮ್ಮಂಗೆ ಮೂರು ಜನ ಗಂಡಂದಿರಲ್ವಾ? ನೀನು ಯಾವ ಗಂಡನ ಕಡೆ?”

ಕದಿರೇಶ ಲ್ಯಾಕ್ಟೋಮೀಟರನ್ನು ಮತ್ತೊಮ್ಮೆ ಹಾಲಿಗೆ ಇಳಿಬಿಟ್ಟ. ಇಷ್ಟು ವರ್ಷ ಆ ಪ್ರಶ್ನೆ ಅವನ ತಲೆಗೇ ಬಂದಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ, “ಹೌದಲ್ವಾ, ಯಾವ ಗಂಡ?” ಎಂದು ಹಾಲು ಮರೆತು ಚರ್ಚೆಗೆ ಇಳಿದರು. ಕ್ಯಾನು ತೊಳೆದು ಇಡುವಷ್ಟರಲ್ಲಿ ವಿಷಯ ಪಂಚಾಯಿತಿ ಅಧ್ಯಕ್ಷೆ ಆಶಾರಾಣಿಯವರನ್ನು ಮುಟ್ಟಿ, ಅಲ್ಲಿಂದ ಫೋನ್ ಬಂತು.

“ನೋಡಪ್ಪ ಕದಿರೇಶ, ತಪ್ಪು ಕಡೆಯೋರಿಗೆ ಶಾಲು ಹೊದಿಸಿದ್ರೆ ಮಿಕ್ಕ ಎರಡು ಕಡೆಯೋರು ಸ್ಟೇಜ್ ಹತ್ತುತಾರೆ. ನನಗ್ಯಾಕೆ ಬೇಕು? ಸಂಜೆ ಒಳಗೆ ಯಾರಾದ್ರೂ ಹಿರೀಕರನ್ನ ಕರ್ಕೊಂಡ್ ಬಂದು ಮೈಕಲ್ಲಿ ಹೇಳಿಸು. ಇಲ್ದಿದ್ರೆ ಆ ಶಾಲನ್ನ ಕಮಾನಿಗೇ ಹೊದಿಸ್ತೀನಿ.”

ಕದಿರೇಶನ ಹೆಂಡತಿ ರಜನಿ ರಾಗಿಮುದ್ದೆ ಬಡಿಸುತ್ತ, “ಇದಕ್ಯಾಕ್ರೀ ಇಷ್ಟು ಒದ್ದಾಟ? ಮೂರೂ ಕಡೆಯೋನು ಅಂದ್ಬಿಡಿ” ಎಂದಳು.

“ಹೊರಗಿಂದ ಬಂದೋಳು, ನಿನಗೇನ್ ಗೊತ್ತು ನಮ್ಮ ವಂಶದ ಗತ್ತು?”

“ಸರಿ, ಹೋಗ್ಬನ್ನಿ. ಹೆಲ್ಮೆಟ್ ಹಾಕ್ಕೊಳ್ಳಿ. ವಂಶ ಮುಂದುವರೀಬೇಕಲ್ಲ.”

ಕದಿರೇಶ ಬೈಕು ಹತ್ತಿ ನೇರ ಮಾಸ್ತಿಗೆ ಹೋದ. ಅಲ್ಲಿ ಅವನ ಸೋದರತ್ತೆ ಗಂಗರತ್ನಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಪ್ರಶ್ನೆ ಕೇಳಿದ್ದೇ ತಡ, ಮೊರ ಕೆಳಗಿಟ್ಟರು.

“ಅದನ್ನೂ ಕೇಳ್ಬೇಕೇನೋ? ಮೊದಲ್ನೆ ಗಂಡನ ಕಡೆ ಕಣೋ ನಾವು! ಧಾರೆ ಎರೆದು ಮಾಡಿದ ಮದ್ವೆ. ಆಮೇಲಿನ ಎರಡೂ ಸೀರೆ ಕೊಟ್ಟು ಕರ್ಕೊಂಡ್ ಹೋಗಿದ್ದು, ಸೀರುಡಿಕೆ. ಟೇಕಲ್ ಬೆಟ್ಟದಲ್ಲಿ ಚಿರತೆ ಜೊತೆ ಗುದ್ದಾಡಿ ಪ್ರಾಣ ಬಿಟ್ಟ ಪುಣ್ಯಾತ್ಮ ಅವನು.”

“ಸಾಕ್ಷಿ ಏನತ್ತೆ?”

“ನಾನಿಲ್ವೇನೋ ಗುಂಡಕಲ್ಲಂಗೆ? ಇರು, ಸೀರೆ ಬದಲಾಯ್ಸಿ ಬರ್ತೀನಿ.”

ಹಾಲು ಮೊಸರಾಗುವಷ್ಟು ಹೊತ್ತು ತೆಗೆದುಕೊಂಡು ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ಕದಿರೇಶನಿಗೆ ಖುಷಿಯೋ ಖುಷಿ. ಧಾರೆ ಮದುವೆಯ ಗಂಡ, ಅದೂ ಚಿರತೆಯೊಡನೆ ಹೋರಾಡಿದ ವೀರ! ಬೈಕಿನ ಕಿಕ್ ಒದೆಯುವಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಶ್ರೀನಿವಾಸಪುರದ ಮಾವಿನ ಮಂಡಿಯಿಂದ ದಾಯಾದಿ ಆಂಜಿನಪ್ಪ.

“ಏನ್ಲಾ ಕದಿರೇಶ, ಶಿವಕುಮಾರ ಫೋನ್ ಮಾಡಿದ್ದ. ನಾವು ಎರಡನೇ ಗಂಡನ ಕಡೆ ಕಣ್ಲಾ. ನನ್ನ ಕೇಳ್ದೆ ಒಬ್ಬನೇ ಶಾಲು ಹೊದ್ಕೊಂಡ್ರೆ, ಸ್ಟೇಜ್ ಮೇಲೇ ಕಿತ್ಕೊಂಡ್ ಹೋಗ್ತೀನಿ, ನೋಡ್ತಿರು.”

ಆಂಜಿನಪ್ಪ ಹೇಳಿದ್ದನ್ನು ಮಾಡುವ ಮನುಷ್ಯ. ಹಾಗಾಗಿ ಬೈಕು ಊರಿನ ಕಡೆಗೆ ತಿರುಗುವ ಬದಲು ಕೋಲಾರ ದಾಟಿ ಶ್ರೀನಿವಾಸಪುರಕ್ಕೆ ಓಡಿತು. ಹಿಂದೆ ಕೂತ ಅತ್ತೆ ದಾರಿಯುದ್ದಕ್ಕೂ ಆಂಜಿನಪ್ಪನ ಜನ್ಮ ಜಾಲಾಡಿದರು.

ಮಾವಿನ ಸುಗ್ಗಿ. ಮಂಡಿಯಲ್ಲಿ ಹುಲ್ಲಿನ ಮೇಲೆ ಕಾಯಿಯ ರಾಶಿ, ಲಾರಿಗಳ ಹಾರನ್ನು, ಹರಾಜಿನ ಕೂಗು. ಆಂಜಿನಪ್ಪ ತಲೆಗೆ ಟವೆಲು ಸುತ್ತಿಕೊಂಡು ರಾಶಿಯ ಪಕ್ಕದಲ್ಲೇ ಯುದ್ಧಕ್ಕೆ ನಿಂತಿದ್ದ.

“ಚಿರತೆ ಹಿಡ್ದಿದ್ದು ಎರಡನೇ ಗಂಡನ್ನ!”

“ಮೊದಲ್ನೆಯೋನನ್ನ!” ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಎರಡು!”

“ಒಂದು!”

ಹರಾಜು ಕೂಗುತ್ತಿದ್ದವನು ಇದೂ ಒಂದು ಸವಾಲು ಎಂದುಕೊಂಡು, ಬೆಲೆ ಇಳಿಯುತ್ತಿರುವುದನ್ನು ಕಂಡು ಗಾಬರಿಯಾಗಿ ಓಡಿಬಂದ. ಜನ ಸೇರಿದರು. ಹಮಾಲಿಯೊಬ್ಬ, ಚಿರತೆ ತಿಂದದ್ದು ಮೂರನೇ ಗಂಡನನ್ನು ಎಂದು ತನ್ನ ಅಜ್ಜಿ ಹೇಳುತ್ತಿದ್ದಳು ಎಂದ. ಒಂದೇ ಬಡಪಾಯಿ ಚಿರತೆಯ ಮೇಲೆ ಮೂರು ಕೊಲೆ ಬಿದ್ದವು. ಕೊನೆಗೆ ಕದಿರೇಶ ಕೈಮುಗಿದು ನಡುವೆ ನಿಂತ.

“ನಮ್ಮಲ್ಲಿ ಎಲ್ಲರಿಗಿಂತ ಹಿರೀಕರು ಯಾರಪ್ಪಾ? ಅವರು ಹೇಳಿದ್ದಕ್ಕೆ ಎಲ್ರೂ ತಲೆಬಾಗೋಣ.”

ಇಬ್ಬರೂ ಒಂದೇ ಬಾಯಲ್ಲಿ, “ಬೈರಕೂರು ಅಜ್ಜಿ!” ಎಂದರು. ಬೈರಕೂರಿನ ವೆಂಕಟರತ್ನಮ್ಮ ದೊಡ್ಡಗಂಗಮ್ಮನ ಮಗಳ ಮೊಮ್ಮಗಳು, ತೊಂಬತ್ತು ದಾಟಿದವರು.

ಬೈಕು ಮಂಡಿಯಲ್ಲೇ ಉಳಿಯಿತು. ಆಂಜಿನಪ್ಪನ ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಅವನೂ ಅತ್ತೆಯೂ ಮಾತು ಬಿಟ್ಟು ಕೂತರು. ಹಿಂದೆ ಮಾವಿನ ಕ್ರೇಟುಗಳ ನಡುವೆ ನೇರ ವಂಶಸ್ಥ ಕೂತ. ರಜನಿ ಫೋನ್ ಮಾಡಿದಳು. “ರೀ, ಎಲ್ಲಿದ್ದೀರ? ನಿಮ್ಮ ಫ್ಲೆಕ್ಸ್ ಕೆಳಗೆ ಯಾರೋ ಇದ್ದಿಲಲ್ಲಿ ದೊಡ್ಡ ಪ್ರಶ್ನೆ ಗುರುತು ಹಾಕವ್ರೆ. ಬಸ್ಸಿಂದ ಇಳಿದೋರೆಲ್ಲ ನಿಂತು ನೋಡ್ಕೊಂಡ್ ಹೋಗ್ತಾವ್ರೆ.”

ಬೈರಕೂರಿನ ಅಜ್ಜಿ ಮನೆ ಮುಂದಿನ ಮಂಚದ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ಮನೆಮಾತು ತೆಲುಗು, ಕನ್ನಡದವರು ಬಂದರೆ ಎರಡನ್ನೂ ಕಲಸಿ ಆಡುವರು. ಮೂವರೂ ಒಟ್ಟಿಗೆ ಪ್ರಶ್ನೆ ಕೇಳಿದಾಗ ಅಜ್ಜಿ ಕೇಳಿದ್ದು ಒಂದೇ.

“ಮೈಕ್ ಉಂದಾ?”

“ಐತೆ ಅಜ್ಜಿ.”

“ಅಟ್ಲಾಯ್ತೇ ಅಲ್ಲೇ ಹೇಳ್ತೀನಿ. ನನ್ ಉಸ್ರು ಒಂದು ಸಲ ಹೇಳೋಕಷ್ಟೇ ಸಾಕು. ಇಲ್ಲಿ ಮೂರು ಜನಕ್ಕೆ ಹೇಳಿ ದಂಡ ಮಾಡ್ಲಾ?”

ಅಜ್ಜಿ ಕ್ಯಾಬಿನ್ನಿಗೆ ಏರಿದರು. ಜಾಗ ಸಾಲದೆ ಅತ್ತೆ, ರೇಷ್ಮೆ ಸೀರೆ ಸಮೇತ, ಹಿಂದಿನ ಕ್ರೇಟುಗಳಿಗೆ ವರ್ಗವಾದರು. ಮುಳಬಾಗಿಲು ಬಂದಾಗ ಅಜ್ಜಿ ಗಾಡಿ ನಿಲ್ಲಿಸಿದರು. ದೋಸೆ ತಿನ್ನದೆ ಈ ಊರು ದಾಟಿದ ಅಭ್ಯಾಸ ತನಗಿಲ್ಲ ಎಂದರು. ಹಲ್ಲಿಲ್ಲದ ಬಾಯಲ್ಲಿ ಅವರು ದೋಸೆಯನ್ನು ಚೂರು ಚೂರಾಗಿ ಚಟ್ನಿಗೆ ಅದ್ದಿ ಮೆಲ್ಲುತ್ತಿದ್ದರೆ, ಕದಿರೇಶನಿಗೆ ಸಂಜೆಯ ಶಾಲು ಕಣ್ಣ ಮುಂದೆಯೇ ಕಮಾನಿನ ಮೇಲೇರುತ್ತಿರುವಂತೆ ಕಂಡಿತು.

ಗಾಡಿ ಗಂಗಮ್ಮನಕುಂಟೆ ಸೇರಿದಾಗ ಕುಂಟೆಯ ಕಟ್ಟೆ ಜನರಿಂದ ತುಂಬಿಹೋಗಿತ್ತು. ಕಮಾನಿಗೆ ಮಾವಿನ ತೋರಣ, ಸ್ಟೇಜಿನ ಮೇಲೆ ಕುರ್ಚಿಗಳು, ತಟ್ಟೆಯಲ್ಲಿ ಜರಿಶಾಲು. ಅಕ್ಕಪಕ್ಕದ ಹಳ್ಳಿಯವರೂ ಯಾವ ಗಂಡನೆಂದು ತಿಳಿಯಲು ಬಂದಿದ್ದರು. ಶಿವಕುಮಾರ ಮುಂದಿನ ಸಾಲಿನಲ್ಲೇ ಕೂತಿದ್ದ. ಆಶಾರಾಣಿ ಅಜ್ಜಿಯ ಕೈಗೆ ಮೈಕು ಕೊಟ್ಟರು. ಕದಿರೇಶ ಶರಟಿನ ಮೇಲಿನ ಹುಲ್ಲು ಕೊಡವಿಕೊಂಡು ಶಾಲಿನ ತಟ್ಟೆಯ ಪಕ್ಕದಲ್ಲೇ ನಿಂತ.

“ದೊಡ್ಡಗಂಗಮ್ಮ ನಮ್ಮಜ್ಜೀನ ಹೆತ್ತೋಳು,” ಅಜ್ಜಿಯ ದನಿ ಬೆಟ್ಟಕ್ಕೆ ಬಡಿದು ಬಂತು. “ಮೊದಲ್ನೆ ಗಂಡ ಜ್ವರದಲ್ಲಿ ಹೋದ. ಎರಡ್ನೆಯೋನು ಹುಣಿಸೆ ಮರದಿಂದ ಬಿದ್ದ. ಮೂರ್ನೆಯೋನಿಗೆ ಹಾವು ಮುಟ್ತು. ಮೂವರಿಂದ್ಲೂ ಒಂದು ಮಗು ಇಲ್ಲ.”

ಜನ ಗುಜುಗುಜು ಎಂದರು. “ಮತ್ತೆ ಚಿರತೆ?” ಎಂದು ಆಂಜಿನಪ್ಪ ಕೆಳಗಿನಿಂದಲೇ ಕೂಗಿದ.

“ಉಂಡ್ರಾ, ಇರೋ! ವಸ್ತಾ ಉಂದಿ ಚಿರತೆ. ಬರ್ತಾ ಐತೆ.” ಅಜ್ಜಿ ಉಸಿರು ತೆಗೆದುಕೊಂಡರು. “ಇಲ್ಲಿ ಕುಂಟೆ ತೋಡುವಾಗ ಕೂಲಿಗೆ ಒಬ್ಬ ಬಂದ. ಇಷ್ಟಪಟ್ಟು ಕಟ್ಕೊಂಡ್ಳು. ಅವನು ನಾಕನೇ ಗಂಡ. ದಾರೀಲಿ ಹೋಗೋರೆಲ್ಲ ‘ಮುಂದಿನ ಸರದಿ ನಿಂದೇ ಕಣಪ್ಪಾ’ ಅಂತ ಅವನಿಗೆ ಹೇಳಿ ಹೇಳಿ ನಿದ್ದೆಗೆಡಿಸಿದ್ರು. ಒಂದಿನ ಬೆಟ್ಟದಿಂದ ಚಿರತೆ ಇಳೀತು. ‘ಅಯ್ಯೋ ನನ್ ಸರದಿ ಬಂತು’ ಅಂದ, ಹಾರೆ ಬಿಸಾಕ್ದ, ಓಡ್ದ. ಇವತ್ತಿಗೂ ವಾಪಸ್ ಬಂದಿಲ್ಲ.”

ಯಾರೂ ನಗಲಿಲ್ಲ. ಇನ್ನೂ ಏನೋ ಇದೆ ಎಂದು ಎಲ್ಲರಿಗೂ ಗೊತ್ತಾಗಿತ್ತು.

“ಆಯಮ್ಮ ಆವಾಗ ತುಂಬಿದ ಬಸುರಿ. ಅವನು ಬಿಸಾಕಿದ ಹಾರೇನೇ ಎತ್ಕೊಂಡು ನಿಂತ್ಳು. ಚಿರತೇನ ಬಂದ ದಾರೀಲೇ ಬೆಟ್ಟ ಹತ್ಸಿದ್ಳು. ತಿರುಗಿ ಬಂದು ಮಿಕ್ಕ ಮಣ್ಣು ತೋಡಿದ್ಳು. ಆಮೇಲೆ ಅವಳಿ ಮಕ್ಕಳು, ಒಂದು ಹೆಣ್ಣು, ಒಂದು ಗಂಡು. ಹೆಣ್ಣಿನ ಕಡೆ ನಾನು. ಗಂಡಿನ ಕಡೆ ಇವರೆಲ್ಲ. ಅದಕ್ಕೇ ಅಲ್ವಾ ಈ ಮನೆಗೆ ಪಾರಿನೋರು ಅನ್ನೋದು? ತೆಲುಗಲ್ಲಿ ಪಾರಿಪೋಯಿನೋಡು ಅಂದ್ರೆ ಓಡಿಹೋದೋನು.”

ಪಾರು ಮಾಡಿದವರ ಮನೆಯ ಕದಿರೇಶ ಕಣ್ಣು ಮುಚ್ಚಿಕೊಂಡ. ಮೊದಲು ನಕ್ಕವನು ಶಿವಕುಮಾರ. ಆಮೇಲೆ ಇಡೀ ಕಟ್ಟೆ ನಕ್ಕಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಆದರೆ ಕಣ್ಣು ಮುಚ್ಚಿದ ಕದಿರೇಶನಿಗೆ ಕಂಡದ್ದು ಓಡಿದವನ ಬೆನ್ನಲ್ಲ. ತುಂಬಿದ ಹೊಟ್ಟೆಯ ಹೆಂಗಸೊಬ್ಬಳು ಹಾರೆ ಹಿಡಿದು ಒಬ್ಬಳೇ ನಿಂತದ್ದು ಕಂಡಿತು. ನಾಚಿಕೆಯ ನಡುವೆಯೇ ಅವನ ಎದೆ ಉಬ್ಬಿತು. ಇಷ್ಟು ವರ್ಷ ಸುಳ್ಳು ಹೆಮ್ಮೆಗೆ ಉಬ್ಬಿದ್ದಕ್ಕಿಂತ ಹೆಚ್ಚೇ ಉಬ್ಬಿತು. ಕೆಳಗೆ ಹೆಂಗಸರ ಸಾಲಿನಲ್ಲಿ ರಜನಿ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು. ನಗು ನಿಧಾನವಾಗಿ ಚಪ್ಪಾಳೆಯಾಯಿತು.

ಆಶಾರಾಣಿ ಶಾಲು ಕೈಗೆತ್ತಿಕೊಂಡು, “ಅಜ್ಜಿ, ಹಂಗಾದ್ರೆ ಇದು ಯಾರಿಗೆ?” ಎಂದರು.

“ಓಡಿಹೋದೋನ ಕಡೆಯೋರಿಗೆ ಸನ್ಮಾನ ಯಾಕಮ್ಮಾ? ನಾನು ಆಯಮ್ಮನ ಕಡೆ,” ಎಂದು ಅಜ್ಜಿ ಕತ್ತು ಮುಂದೆ ಚಾಚಿದರು.

ಶಾಲು ಅಜ್ಜಿಯ ಹೆಗಲೇರಿತು. ತಾಂಬೂಲವನ್ನು ಅವರು ಅಲ್ಲೇ ಕುಟ್ಟಲು ಕೂತರು. ಬೆಳಗಿನಿಂದ ಮಾಸ್ತಿ, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಸುತ್ತಿ, ತನ್ನ ಶಾಲಿಗೆ ಒಡತಿಯನ್ನು ತಾನೇ ದೋಸೆ ತಿನ್ನಿಸಿ ಕರೆತಂದಿದ್ದ ಕದಿರೇಶ, ಮೆಲ್ಲಗೆ ಸ್ಟೇಜಿನ ಹಿಂದಿನ ಮೆಟ್ಟಿಲಿಳಿದು ಕತ್ತಲೆಯ ಕಡೆಗೆ ಎರಡು ಹೆಜ್ಜೆ ಇಟ್ಟ. ಮನೆ ಸೇರಿ ಮುಸುಕೆಳೆದು ಮಲಗಿಬಿಟ್ಟರೆ ಸಾಕಾಗಿತ್ತು.

“ನೋಡ್ರಪ್ಪೋ, ಓಡ್ತಾವ್ನೆ!” ಶಿವಕುಮಾರ ಕೂಗಿದ.

ಇಡೀ ಕಟ್ಟೆ ಮತ್ತೆ ಹೋ ಎಂದಿತು. ಕದಿರೇಶ ನಿಂತಲ್ಲೇ ನಿಂತ. ಇನ್ನೊಂದು ಹೆಜ್ಜೆ ಇಟ್ಟರೆ ತನ್ನ ಮಕ್ಕಳ ಮೊಮ್ಮಕ್ಕಳಿಗೂ ಇದೇ ಮಾತು ತಪ್ಪಿದ್ದಲ್ಲ ಎಂದು ಅವನಿಗೆ ಗೊತ್ತಾಯಿತು. ತಿರುಗಿ ಬಂದು, ಎಲ್ಲರಿಗೂ ಕಾಣುವ ಹಾಗೆ ಮುಂದಿನ ಕುರ್ಚಿಯಲ್ಲಿ ಕೂತ. ಆಶಾರಾಣಿಯ ಭಾಷಣ ಕೇಳಿದ. ಅವರ ಹಿಂದೆ ಮಾತಾಡಿದ ಸದಸ್ಯರೆಲ್ಲರ ಭಾಷಣವನ್ನೂ ಕೇಳಿದ. ಸೊಳ್ಳೆ ಕಚ್ಚಿದರೂ ಕದಲಲಿಲ್ಲ. ಕೊನೆಗೆ ತಡೆಯಲಾರದೆ ಎದ್ದು, ಕಿರುಬೆರಳು ತೋರಿಸಿ, “ಓಡಿಹೋಗ್ತಿಲ್ಲ ಮೇಡಂ. ಈಗ ಬಂದ್ಬಿಡ್ತೀನಿ” ಎಂದ.

ಆಶಾರಾಣಿ ಅದನ್ನು ಮೈಕಿನಲ್ಲಿ ಹೇಳಿ, ಊರಿನವರ ಒಪ್ಪಿಗೆ ಪಡೆದು, ಅವನನ್ನು ಕಳಿಸಿಕೊಟ್ಟರು. ಯಾವುದಕ್ಕೂ ಇರಲಿ ಎಂದು ಶಿವಕುಮಾರನೂ ಟಾರ್ಚು ಹಿಡಿದು ಜೊತೆಗೆ ಹೋದ.