ರಬ್ಬರ್ ಮೀನಿಗೆ ಆರು ಮೊನೆಯ ಗಾಳ

ಹೊಳೆಹೊನ್ನೂರಿನ ಹತ್ತಿರ, ಹೆಂಗಸರು ಪೂಜೆಗೆ ಇಳಿಯುವ ಮೆಟ್ಟಿಲಿನಿಂದ ಸ್ವಲ್ಪ ಕೆಳಗೆ, ಭದ್ರೆ ತಿರುಗುವ ಕಡೆ ಮಂಡಿಯುದ್ದ ನೀರಿನಲ್ಲಿ ನಾನು ನಿಂತಿದ್ದೆ. ಬೆಳಗಿನ ಹತ್ತು ಗಂಟೆ. ಒಳ್ಳೆಯ ಬಿಸಿಲಿತ್ತು. ಕನ್ನಡಕ ಹಾಕಿಕೊಂಡಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಮೊದಲು ವಿಚಾರಿಸುವುದು ಕನ್ನಡಕವನ್ನೇ!

ಕೈಯಲ್ಲಿ ಮೀನು ಹಿಡಿಯುವ ಹೊಸ ರಾಡು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. ಆದರೂ ರಾಡು ಬಂದದ್ದಕ್ಕೆ ಕಾರಣ ಜನ್ನಾಪುರದ ನಮ್ಮ ಪಕ್ಕದ ಮನೆಯ ಸೆಲ್ವಂ. ಅಮೆರಿಕದವರು ಕೆರೆಯಲ್ಲಿ ಬಾಸ್ ಎಂಬ ಮೀನನ್ನು ರಬ್ಬರ್ ಮೀನು ತೋರಿಸಿ ಹಿಡಿಯುವ, ಹಿಡಿದು ಮುತ್ತಿಟ್ಟು ನೀರಿಗೇ ಬಿಡುವ ವಿಡಿಯೋಗಳನ್ನು ಅವನು ನನಗೆ ತೋರಿಸಿದ್ದ. ಕೊಲ್ಲುವುದಿಲ್ಲ, ತಿನ್ನುವುದಿಲ್ಲ. ಇದಕ್ಕಿಂತ ಸಾತ್ವಿಕವಾದ ಬೇಟೆ ಉಂಟೆ?

ನನ್ನ ಹೆಂಡತಿ ಗಿರಿಜ ಕೇಳಿದ್ದಳು, “ತಿನ್ನದೋರಿಗೆ ಮೀನು ಯಾಕ್ರೀ?”

“ಹಿಡಿದು ಬಿಡೋದಕ್ಕೆ.”

“ಅದು ಈಗ ಬಿಟ್ಟೇ ಇದೆಯಲ್ಲ ಮಾರಾಯ್ರೇ!”

ಸೆಲ್ವಂನನ್ನು ಕರೆದುಕೊಂಡು ರಾಡು ಕೊಳ್ಳಲು ಶಿವಮೊಗ್ಗಕ್ಕೆ ಬಸ್ಸು ಹತ್ತಿದೆ.

ಅಂಗಡಿಯವನು ರಬ್ಬರ್ ಮೀನನ್ನು ನನ್ನ ಅಂಗೈ ಮೇಲಿಟ್ಟ. ಗೇಣುದ್ದವಿತ್ತು. ಕಣ್ಣು ನಿಜವಾದ ಕಣ್ಣಿನ ಹಾಗೇ ನನ್ನನ್ನು ನೋಡುತ್ತಿತ್ತು. “ಇದು ಭಾರ ಸಾರ್. ಎಸೆಯೋಕೆ ರಾಡು ಗಟ್ಟಿ ಇರ್ಬೇಕು, ಆದ್ರೆ ತುದಿ ಬಳುಕಬೇಕು. ರೀಲು ನಿಧಾನ ಸುತ್ತೋದು ತಗೊಳ್ಳಿ, ಆಗಲೇ ಇದು ಬಾಲ ಆಡಿಸೋದು. ಗಾಳಕ್ಕೆ ಒಂದೇ ಮೊನೆ ಸಾಕು, ಅದೂ ರಬ್ಬರ್ ಹೊಟ್ಟೇಲಿ ಅಡಗಿರ್ಲಿ. ಇಲ್ಲಾಂದ್ರೆ ಹೊಳೇಲಿರೋದೆಲ್ಲ ಸಿಕ್ಕಾಕ್ಕೊಂಡು ಬರ್ತದೆ.”

ಸೆಲ್ವಂ ನನ್ನ ಕಿವಿಯಲ್ಲಿ, “ಮೂರು ಮೊನೆದು ಎರಡು ಹಾಕಿ ಸಾರ್. ಎಲ್ಲಿ ಮುಟ್ಟಿದ್ರೂ ಬಿಡಲ್ಲ” ಎಂದ.

ಒಂದಕ್ಕಿಂತ ಆರು ಹೆಚ್ಚು. ನಾನು ಗಣಿತದ ಮೇಷ್ಟ್ರು! ಆರು ಮೊನೆ ಆಯಿತು. ಬಳುಕುವ ರಾಡು ದುರ್ಬಲವಾಗಿ ಕಂಡದ್ದರಿಂದ ಬಾಗದೇ ಇರುವ ರಾಡು ಆಯಿತು. ಮೀನು ಜೋರಾಗಿ ಎಳೆದರೆ ದಾರ ಬಿಟ್ಟುಕೊಡಲಿ ಎಂದು ರೀಲಿನಲ್ಲಿ ಒಂದು ತಿರುಪು ಇರುತ್ತದೆ. ಬಿಟ್ಟುಕೊಡುವುದು ಯಾಕೆ ಎಂದು ಅದನ್ನು ಇಕ್ಕಳದಲ್ಲಿ ಬಿಗಿ ಮಾಡಿದೆ. ರಾಡು ಕೈತಪ್ಪದಿರಲಿ ಎಂದು ಹಿಡಿಕೆಗೆ ಹಗ್ಗ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳುವ ಏರ್ಪಾಡೂ ಆಯಿತು.

ಆವತ್ತು ನಾವು ಹೊಳೆಗೆ ಹೋದದ್ದು ಮೀನಿಗಲ್ಲ. ಬಸುರಿ ಮಗಳು ಅಶ್ವಿನಿಗೆ ಏಳು ತಿಂಗಳು ತುಂಬಿತ್ತು. ಹೋದ ಸಲ ನಿಂತಿರಲಿಲ್ಲ. ಅಂದಿನಿಂದ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಈ ಸಲ ಏಳು ತಿಂಗಳು ಉಳಿದರೆ ಹೊಳೆಗೆ ಬಾಗಿನ ಬಿಡುತ್ತೇನೆ ಎಂದು ಗಿರಿಜ ಹರಕೆ ಹೊತ್ತಿದ್ದಳು. ಮೊರದಲ್ಲಿ ಸೀರೆ, ಹಸಿರು ಬಳೆ, ಅರಿಶಿನ ಕುಂಕುಮ. ಮೇಲೊಂದು ಮೊರ ಮುಚ್ಚಿ ಬಿಗಿದು ಕಟ್ಟಿದ್ದಳು. ಪೂಜೆಯಾಯಿತು, ಬಾಗಿನ ತೇಲಿಹೋಯಿತು. ತಾಯಿ ಮಗಳು ಬುತ್ತಿ ಬಿಚ್ಚುವಾಗ, ಸೆಲ್ವಂನ ಕಾರಿನ ಡಿಕ್ಕಿಯಲ್ಲಿ ಅಡಗಿಸಿದ್ದ ರಾಡು ತೆಗೆದುಕೊಂಡು ನಾನು ಅವನ ಜೊತೆ ಕೆಳಗಿನ ತಿರುವಿಗೆ ಜಾರಿದೆ.

ಮೊದಲ ಎಸೆತಕ್ಕೇ ಸಿಕ್ಕಿತು.

ಸಿಕ್ಕಿದ್ದು ಎಳೆಯಿತು. ಎಳೆದು ನಿಂತಿತು. ಮತ್ತೆ ಎಳೆಯಿತು. “ಸೆಲ್ವಂ, ಕೊರವ ಮೀನು! ದೊಡ್ಡದು!” ಎಂದು ಕೂಗಿ ಸುತ್ತತೊಡಗಿದೆ. ಆಗ ನೀರಿನೊಳಗಿಂದ ಬಳೆ ಸದ್ದು ಕೇಳಿತು.

ಗಾಜಿನ ಬಳೆ. ಒಂದಲ್ಲ, ಕೈತುಂಬ ತೊಟ್ಟವರು ಕೈ ಆಡಿಸಿದ ಹಾಗೆ. ನಾನು ಸುತ್ತುವುದು ನಿಲ್ಲಿಸಿದೆ. ಸದ್ದೂ ನಿಂತಿತು. ಸುತ್ತಿದೆ. ಕೇಳಿತು. ಆಮೇಲೆ ಹಳದಿ ಸೀರೆಯ ಸೆರಗೊಂದು ನೀರಿನ ಮೇಲೆ ನಿಧಾನವಾಗಿ ಹರಡಿಕೊಂಡಿತು. ಅದರ ಕೆಳಗೆ ಏನೋ ಉರುಟಾದದ್ದು, ತಲೆಯಷ್ಟು ಗಾತ್ರದ್ದು, ಮೇಲೆದ್ದಿತು.

ನಾನು ಓಡಿದೆ. ತಿರುಗಿ ನೋಡಿದರೆ ಸೀರೆಯೂ ಓಡಿ ಬರುತ್ತಿತ್ತು!

ಇದು ಹೇಗೆ ಎಂದು ಈಗ ವಿವರಿಸಬಲ್ಲೆ. ಮಣಿಕಟ್ಟಿಗೆ ಹಗ್ಗ, ಹಗ್ಗಕ್ಕೆ ರಾಡು, ಬಿಗಿದ ತಿರುಪು, ಆರು ಮೊನೆ. ಆಗ ಇದ್ಯಾವುದೂ ನೆನಪಿರಲಿಲ್ಲ. ನಾನು ಬೇಗ ಓಡಿದಷ್ಟೂ ಅವಳು ಬೇಗ ಬಂದಳು. ದಂಡೆ ಹತ್ತಿದೆ, ಮೈಯೆಲ್ಲ ಕೆಸರು ಮಾಡಿಕೊಂಡು ಅವಳೂ ದಂಡೆ ಹತ್ತಿದಳು. ಅರ್ಧ ದಾರಿಯಲ್ಲಿ ಪಂಚೆ ನನ್ನ ಜೊತೆ ಬರಲು ಒಪ್ಪಲಿಲ್ಲ. ಪಟ್ಟೆ ಚಡ್ಡಿಯಲ್ಲಿ, ಬಳೆ ಸದ್ದಿನ ಸಮೇತ, ಬುತ್ತಿಯ ಮೇಲೆ ಬಿದ್ದೆ.

ಅಶ್ವಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಪ್ಪಾ, ಯಾರನ್ನ ಕಟ್ಕೊಂಡ್ ಬಂದ್ರಿ?”

ಗಿರಿಜ ನಗಲಿಲ್ಲ. ಅವಳ ಮುಖ ಬೆಳ್ಳಗಾಗಿತ್ತು. “ಬಿಟ್ಟ ಬಾಗಿನ ವಾಪಸ್ ತಂದ್ರಾ?” ಎಂದಳು. ಆ ದನಿ ಕೇಳಿದ ಮೇಲೆ ಸೀರೆಯ ಭಯ ನನಗೆ ಸಣ್ಣದೆನಿಸಿತು. ಹೊಳೆ ಹರಕೆಯನ್ನು ಬೇಡ ಅಂದಿತೇ? ಮಗಳ ನಗು ಅರ್ಧಕ್ಕೇ ನಿಂತಿತು.

ಗಿರಿಜ ಒಬ್ಬಳೇ ಇಳಿದು ಹೋಗಿ ಬಗ್ಗಿ, ಕೆಸರು ಸರಿಸಿ ನೋಡಿದಳು. ಹಳೆಯ ಮೊರ, ಕೊಳೆತು ಉಂಡೆಯಾಗಿತ್ತು. ಬಳೆಗೆ ಪಾಚಿ ಕಟ್ಟಿತ್ತು. “ನಮ್ಮದಲ್ಲ” ಎಂದು ಅಲ್ಲೇ ಕುಳಿತುಬಿಟ್ಟಳು. “ನಮ್ಮದು ಕೆಂಪು ಸೀರೆ. ಇದು ಯಾವ ತಾಯೀದೋ.”

ಸೆಲ್ವಂ ಗಾಳ ಬಿಡಿಸಲು ಹೋದ. ಆರೂ ಮೊನೆ ಸೀರೆಯೊಳಗೆ ಇಳಿದಿದ್ದವು. “ಕೀಳಬೇಡಿ, ಹರಿಯತ್ತೆ” ಎಂದಳು ಗಿರಿಜ. “ರೀ, ನೀವೇ ತಂದಿದ್ದು, ನೀವೇ ಬಿಡಿ. ಕೋಲು ಸಮೇತ. ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಿ.”

ಚಡ್ಡಿಯಲ್ಲೇ ಸೊಂಟದುದ್ದ ನೀರಿಗಿಳಿದೆ. ತಪ್ಪಾಯ್ತು ತಾಯಿ ಎಂದೆ. ರಾಡು, ರೀಲು, ರಬ್ಬರ್ ಮೀನು, ಎಲ್ಲವನ್ನೂ ಬಿಟ್ಟೆ. ಭದ್ರೆಗೆ ರಾಡಿನ ಬಾಗಿನ ಕೊಟ್ಟ ಮೊದಲ ಗಂಡಸು ನಾನೇ ಇರಬೇಕು!

ಬಿಟ್ಟದ್ದು ಹರಿವಿನ ಜೊತೆ ಕೆಳಗೆ ಹೋಗಬೇಕಿತ್ತು. ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು, ಹೊಳೆಗೆ ಎದುರಾಗಿ ಮೇಲಕ್ಕೆ ಹೊರಟಿತು. ಹಳದಿ ಸೆರಗು ಮುಂದೆ, ನನ್ನ ರಾಡು ಹಿಂದೆ. ಆತುರವಿಲ್ಲದೆ ನಮ್ಮ ಬಾಗಿನ ಬಿಟ್ಟ ಮೆಟ್ಟಿಲನ್ನು ದಾಟಿ ಮುಳುಗಿತು. ಬಳೆ ಸದ್ದು ಆಮೇಲೂ ಕೇಳುತ್ತಿತ್ತು.

ಅಶ್ವಿನಿಗೆ ಸುಖವಾಗಿ ಹೆರಿಗೆಯಾಗಿದೆ. ಹೆಣ್ಣು ಮಗು.

ಅಂದು ಅದನ್ನು ಕಂಡವರು ನನ್ನನ್ನು ಬಿಟ್ಟು ಮೂವರು: ಗಿರಿಜ, ಅಶ್ವಿನಿ, ಸೆಲ್ವಂ. ಮೂವರೂ ಬದುಕಿದ್ದಾರೆ, ಕೇಳಿ ನೋಡಬಹುದು. ರಬ್ಬರ್ ಮೀನನ್ನು ಯಾವುದೋ ದೊಡ್ಡ ಮೀನು ಕಚ್ಚಿತ್ತು ಎನ್ನುತ್ತಾನೆ ಸೆಲ್ವಂ. ಯಾವ ತಾಯಿಯೋ ಮನೆಗೆ ಹೋದಳು ಎನ್ನುತ್ತಾಳೆ ಗಿರಿಜ. ಅಶ್ವಿನಿ ಮಗುವನ್ನು ನೋಡಿ ನಗುತ್ತಾಳೆ. ಆದರೆ ಚಡ್ಡಿಯ ಪಟ್ಟೆ ನೀಲಿ ಎಂಬುದರಲ್ಲಿ ಮೂವರಿಗೂ ಒಮ್ಮತವಿದೆ.