ಪೇಪರುಗಳಿಗೆ ನಾನು ಮಾರ್ಕು ಕೊಟ್ಟದ್ದು

ನಮ್ಮ ಕುಂದಾಪುರದ ಕಡೆಯ ಮಾತಿನಲ್ಲಿ 'ಅಂಬ್ರ್' ಎಂಬ ಒಂದು ಸಣ್ಣ ಪದವಿದೆ. 'ಎನ್ನುತ್ತಾರೆ' ಎಂದು ಅರ್ಥ. ವಾಕ್ಯದ ಬಾಲಕ್ಕೆ ಅದನ್ನು ಅಂಟಿಸಿಬಿಟ್ಟರೆ ಹೇಳಿದವರ ಜವಾಬ್ದಾರಿ ಅಲ್ಲಿಗೆ ಮುಗಿಯಿತು. 'ಬೀಜಾಡಿ ಕಡಲಿಗೆ ತಿಮಿಂಗಿಲ ಬಂದಿತ್' ಎಂದರೆ ಕೇಳಿದವರು 'ಎಲ್ಲಿ, ತೋರಿಸು' ಎನ್ನಬಹುದು. 'ಬಂದಿತಂಬ್ರ್' ಎಂದರೆ ಯಾರೂ ಏನೂ ಕೇಳುವ ಹಾಗಿಲ್ಲ. ಬಂದಿದ್ದರೆ ಸಂತೋಷ, ಬಾರದಿದ್ದರೆ ತಿಮಿಂಗಿಲದ ಇಷ್ಟ. ಇಷ್ಟು ಅನುಕೂಲದ ಪದವನ್ನು ಪತ್ರಿಕೆಯವರು ಯಾಕೆ ಬಳಸುವುದಿಲ್ಲವೋ ನನಗೆ ತಿಳಿಯದು. ತಲೆಬರಹಗಳ ಕೊನೆಗೆ ಒಂದೊಂದು 'ಅಂಬ್ರ್' ಸೇರಿಸಿದ್ದರೆ ನನ್ನ ನಾದಿನಿಯ ಮದುವೆ ಮುರಿಯುವವರೆಗೆ ಹೋಗುತ್ತಿರಲಿಲ್ಲ. ಬ್ರಹ್ಮಾವರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಮಕ್ಕಳ ಉತ್ತರ ಪತ್ರಿಕೆ ಬದಿಗಿಟ್ಟು ದಿನಪತ್ರಿಕೆ ತಿದ್ದಲು ಕೂರಬೇಕಾಗಿಯೂ ಬರುತ್ತಿರಲಿಲ್ಲ.

ಮೊದಲು ನನ್ನ ಮಾವ ಮಹಾಬಲಣ್ಣನ ವಿಚಾರ ಹೇಳಬೇಕು. ಮನೆ ಬೀಜಾಡಿಯಲ್ಲಿ, ತೆಂಗಿನಕಾಯಿ ವ್ಯಾಪಾರ ಕೋಟೇಶ್ವರದಲ್ಲಿ. ಒಂದೇ ಒಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೀರಿನ ಸದ್ದು ಕೇಳದೆ ಕೊಂಡವರಲ್ಲ. ಆದರೆ ಪೇಪರನ್ನು ಮಾತ್ರ ಅಲ್ಲಾಡಿಸದೆಯೇ ನಂಬುತ್ತಿದ್ದರು. ಬೆಳಿಗ್ಗೆ ಜಗಲಿಯಲ್ಲಿ ಕೂತು, ಒಳಗೆ ದೋಸೆ ಹೊಯ್ಯುತ್ತಿರುವ ನಮಗೂ ಕೇಳುವ ಹಾಗೆ ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಆ ಪೇಪರಿನಲ್ಲಿ ಮಾವನ ಪಕ್ಷದ ನಾಯಕರು ಯಾವಾಗಲೂ 'ಗುಡುಗುತ್ತಿದ್ದರು'. ಎದುರು ಪಕ್ಷದವರು 'ಗೊಣಗುತ್ತಿದ್ದರು'. ಮಾವನ ಪಕ್ಷದ ಸಭೆಗೆ ಜನಸಾಗರ ಹರಿದು ಬರುತ್ತಿತ್ತು. ಎದುರು ಪಕ್ಷದ ಸಭೆಗೆ ಬೆರಳೆಣಿಕೆಯ ಜನ, ಅದರಲ್ಲಿ ಅರ್ಧ ಮೈಕಿನವರು. ನಮ್ಮ ಮನೆಯವರು ಆಟದ ಪುಟ ಮಾತ್ರ ಓದುವ ನಿರುಪದ್ರವಿ. ಅತ್ತೆ ಪೇಪರನ್ನು ಮಧ್ಯಾಹ್ನದ ಮೇಲೆ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಲು ಬಳಸುತ್ತಿದ್ದರು. ಹಾಗಾಗಿ ಮನೆಯಲ್ಲಿ ಜಗಳಕ್ಕೆ ಆಸ್ಪದ ಇರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಚುನಾವಣೆಯ ವರ್ಷ. ಕುಂದಾಪುರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನನ್ನ ನಾದಿನಿ ಸುಮನಾಳಿಗೆ ಬೈಂದೂರಿನ ಸಂಬಂಧ ಬಂತು. ಹುಡುಗ ಪ್ರಕಾಶನಿಗೆ ಕುಂದಾಪುರದಲ್ಲೇ ಔಷಧದ ಅಂಗಡಿ. ಇವಳು ಒಪ್ಪಿದಳು, ಅವನಂತೂ ಇವಳು ಕಾಫಿ ತಂದಿಡುವ ಮೊದಲೇ ಒಪ್ಪಿದ್ದ. ದಿನ ಗೊತ್ತುಮಾಡಲು ಅವನ ತಂದೆ ರಾಮಣ್ಣ ಮನೆಮಂದಿಯೊಂದಿಗೆ ನಮ್ಮಲ್ಲಿಗೆ ಬಂದರು. ಗೋಳಿಬಜೆ ಖಾಲಿಯಾಯಿತು, ಶಿರಾ ಬರುವುದು ತುಸು ತಡವಾಯಿತು. ಆ ಬಿಡುವಿಗೆ ಏನಾದರೂ ತುಂಬಿಸೋಣವೆಂದು ಮಾವ, "ಮೊನ್ನೆ ಕುಂದಾಪುರದ ಸಭೆಗೆ ಎಂತಾ ಜನ ಮಾರಾಯ್ರೆ! ಕಾಲಿಡುಕೆ ಜಾಗ ಇರ್ಲಿಲ್ಲೆ" ಎಂದರು.

ರಾಮಣ್ಣ ನಕ್ಕರು. "ಕುರ್ಚಿ ಎಲ್ಲ ಖಾಲಿ ಇದ್ದಿತ್ತ್ ಅಂದೇಳಿ ನಮ್ಮ ಪೇಪರಗೆ ಬಂದಿತ್ತಲೆ."

"ನಿಮ್ಮ ಪೇಪರಿಗೆ ಕಣ್ಣ್ ಕಾಣುದಿಲ್ಯಾ?"

"ಹ್ವಾಯ್, ನಿಮ್ಮ ಪೇಪರಿಗೆ ಒಂದಿದ್ದದ್ ನೂರ್ ಕಾಣ್ತಲ್ದಾ, ಅದ್ಕೆ ಮೊದ್ಲ್ ಕನ್ನಡಕ ಹಾಕ್ಸಿ!"

ಇಬ್ಬರಲ್ಲಿ ಒಬ್ಬರೂ ಆ ಸಭೆಗೆ ಹೋದವರಲ್ಲ ಎಂಬುದನ್ನು ನಾನು ಇಲ್ಲೇ ತಿಳಿಸಿಬಿಡುತ್ತೇನೆ. ಮಾತು ಸಭೆಯಿಂದ ಪಕ್ಷಕ್ಕೆ, ಪಕ್ಷದಿಂದ ಬುದ್ಧಿಗೆ, ಬುದ್ಧಿಯಿಂದ ಮನೆತನಕ್ಕೆ ಏರಿತು. ನಾನು ಶಿರಾದ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ರಾಮಣ್ಣ ಚಪ್ಪಲಿ ಹುಡುಕುತ್ತಿದ್ದರು. ಪ್ರಕಾಶ ಹಿಂದೆ ತಿರುಗಿ ತಿರುಗಿ ನೋಡುತ್ತ ಹೋದ. ಅವನು ನೋಡಿದ್ದು ಶಿರಾವನ್ನಲ್ಲ.

ಸುಮನಾ ಎರಡು ಹೊತ್ತು ಊಟ ಬಿಟ್ಟಳು. ಮೂರನೆಯ ಹೊತ್ತಿಗೆ ಉಂಡಳು, ಆದರೆ ಅಳುತ್ತ ಉಂಡಳು. "ಅತ್ಗೆ, ಯಾರದ್ದೋ ಸಭೆ, ಯಾರದ್ದೋ ಕುರ್ಚಿ. ನಾ ಎಂತ ಮಾಡಿದ್ದೆ?" ಎಂದು ಕೇಳಿದಾಗ ನನ್ನೊಳಗಿನ ಟೀಚರು ಎದ್ದು ಕೂತಳು. ಟೀಚರಿಗೆ ಗೊತ್ತಿರುವ ಮದ್ದು ಒಂದೇ, ಪರೀಕ್ಷೆ. ಮಾವನ ಹತ್ತಿರ ಹೋಗಿ, "ನಿಮ್ಮ ಪೇಪರೋ ಅವರ ಪೇಪರೋ, ಯಾವುದು ಸತ್ಯ ಹೇಳುತ್ತದೆ, ಯಾವುದು ಯಾವ ಕಡೆಗೆ ವಾಲುತ್ತದೆ ಎಂದು ಮಾರ್ಕು ಹಾಕಿಬಿಡೋಣ ಮಾವ. ಸತ್ಯಕ್ಕೆ ಐವತ್ತು, ವಾಲದೆ ಇದ್ದದ್ದಕ್ಕೆ ಐವತ್ತು" ಎಂದೆ. ತಮ್ಮ ಪೇಪರು ಜಿಲ್ಲೆಗೇ ಮೊದಲು ಬರುತ್ತದೆ ಎಂಬ ಧೈರ್ಯದಲ್ಲಿ ಮಾವ ಕೂಡಲೇ ಒಪ್ಪಿದರು. ಬೈಂದೂರಿಗೆ ಫೋನು ಮಾಡಿದೆ. ಅದೇ ಧೈರ್ಯದಲ್ಲಿ ರಾಮಣ್ಣನೂ, "ಆಯ್ಲಿ, ಪರೀಕ್ಷೆ ಆಯ್ಲಿ. ಫೇಲಾದವ್ರ್ ಸುಮ್ನಿರ್ಕ್" ಎಂದರು.

ನನಗೆ ಶಾಲೆಯಿತ್ತು, ಸಭೆ ಮೆರವಣಿಗೆಗಳಿಗೆ ಅಲೆಯಲು ಪುರುಸೊತ್ತಿರಲಿಲ್ಲ. ಆದ್ದರಿಂದ ಎರಡೂ ಕಡೆಯಿಂದ ಒಬ್ಬೊಬ್ಬ ಸಾಕ್ಷಿ ಹೋಗಿ ಕಣ್ಣಾರೆ ಕಂಡು ಬರಬೇಕು, ಮರುದಿನ ಅವರು ಕಂಡದ್ದನ್ನೂ ಪೇಪರಿನಲ್ಲಿ ಬಂದದ್ದನ್ನೂ ಹೋಲಿಸಿ ನಾನು ಮಾರ್ಕು ಹಾಕಬೇಕು ಎಂದು ಗೊತ್ತಾಯಿತು. ನಮ್ಮ ಕಡೆಯಿಂದ ಯಾರು? ಮಾವನಿಗೆ ಮಂಡಿನೋವು, ಮನೆಯವರಿಗೆ ಕ್ರಿಕೆಟ್ಟು. ಸುಮನಾಳೇ ಹೋಗಬೇಕಾಯಿತು. ಆ ಕಡೆಯಿಂದಲೂ, ಬೇರೆ ಯಾರಿಗೂ ಬಿಡುವಿಲ್ಲದ ಕಾರಣ, ಪ್ರಕಾಶನೇ ಬರಬೇಕಾಯಿತು. ಇದನ್ನು ನಾನು ಬೇಕೆಂದೇ ಹೂಡಿದೆ ಎಂದು ಆಮೇಲೆ ಕೆಲವರು ಆಡಿಕೊಂಡರು. ಹೂಡಿದ್ದು ಹೌದು, ಆದರೆ ಆಡಿಕೊಳ್ಳುವಷ್ಟಲ್ಲ.

ಪರೀಕ್ಷೆ ಬಹಳ ಗೌರವದಿಂದ ಶುರುವಾಯಿತು. ಬ್ರಹ್ಮಾವರದ ಒಂದು ಮೆರವಣಿಗೆಯ ಬಗ್ಗೆ ಮಾವನ ಪೇಪರು 'ಕಿಲೋಮೀಟರು ಉದ್ದದ ಮೆರವಣಿಗೆ' ಎಂದಿತು. ಉದ್ದ ನಿಜವೇ, ಆದರೆ ಉದ್ದಕ್ಕೆ ಕಾರಣ ನಡುವೆ ಸಿಕ್ಕಿಹಾಕಿಕೊಂಡ ಬಸ್ಸು ಲಾರಿಗಳು ಎಂದು ಸಾಕ್ಷಿಗಳು ವರದಿ ಮಾಡಿದರು. ಬೈಂದೂರಿನ ಒಂದು ಸಭೆಯ ಬಗ್ಗೆ ರಾಮಣ್ಣನ ಪೇಪರು 'ಕಿವಿಗಡಚಿಕ್ಕುವ ಚಪ್ಪಾಳೆ' ಎಂದಿತು. ಚಪ್ಪಾಳೆ ಬಿದ್ದದ್ದು ಭಾಷಣ ಮುಗಿಯಿತೆಂದಾಗ ಎಂದು ಸಾಕ್ಷಿಗಳು ಹೇಳಿದರು. ಎರಡೂ ಪೇಪರುಗಳು ಕಷ್ಟಪಟ್ಟು ಪಾಸಾಗುತ್ತಿದ್ದವು. ಮಾವ ಮರುಮೌಲ್ಯಮಾಪನ ಕೇಳಿದರು. ರಾಮಣ್ಣ ಫೋನಿನಲ್ಲಿ, "ಟೀಚರೇ, ಫೋಟೋ ಲಾಯ್ಕಿತ್ತಲೆ, ಅದ್ಕಾದ್ರೂ ಎರಡ್ ಮಾರ್ಕ್ ಹಾಕಿ" ಎಂದು ಗ್ರೇಸ್ ಮಾರ್ಕಿಗೆ ಬೇಡಿದರು. ಬದುಕಿನಲ್ಲಿ ಮೊದಲ ಬಾರಿಗೆ ಇಬ್ಬರು ದೊಡ್ಡ ಮನುಷ್ಯರು ನನ್ನ ಕೆಂಪು ಪೆನ್ನಿಗೆ ಹೆದರುತ್ತಿದ್ದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂಡ ಯಾರಾದರೂ ಏನಾದರೂ ಹೇಳಿದರೆ, "ಮೂಲ ಯಾವುದು? ವಾಲು ಯಾವ ಕಡೆ?" ಎಂದು ಕೇಳತೊಡಗಿದ್ದೆ. ಹೆಡ್‌ಮಾಸ್ಟರು ನಾಳೆ ರಜೆ ಎಂದಾಗಲೂ ಕೇಳಿದೆ.

ಒಂದು ದಿನ ಸುಮನಾ, ಕುಡಿಯುವ ನೀರಿಗಾಗಿ ನಡೆಯುವ ರಸ್ತೆ ತಡೆ ನೋಡಲು ಹೊರಟವಳು ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು.

"ರಸ್ತೆ ತಡೆಗೆ ರೇಷ್ಮೆ ಸೀರೆ ಯಾಕೆ?" ಎಂದೆ.

"ಯಾವ ಪಕ್ಷದವ್ಳ್ ಅಂದೇಳಿ ಯಾರಿಗೂ ಗೊತ್ತಾಪುಕಾಗ ಅಲ್ದಾ ಅತ್ಗೆ" ಎಂದಳು. ಯಾರಿಗೂ ಗೊತ್ತಾಗಬಾರದಂತೆ! ಎಷ್ಟು ತಟಸ್ಥ ಮನೋಭಾವ ಎಂದು ನಾನು ಮೆಚ್ಚಿಕೊಂಡೆ.

ಕೊನೆಯ ಪರೀಕ್ಷೆ ಗಂಗೊಳ್ಳಿಯ ಸಭೆ. ಸಾಕ್ಷಿಗಳು ಸಂಜೆ ಬಂದು, ಜನ ತುಂಬಿ ತುಳುಕಿತು, ನಾಯಕರು ಬಹಳ ಹೊತ್ತು ಮಾತಾಡಿದರು, ಎಲ್ಲರೂ ಶಾಂತರಾಗಿ ಕೇಳಿದರು ಎಂದರು. ಮರುದಿನ ಭಾನುವಾರ. ಫಲಿತಾಂಶ ಕೇಳಲು ರಾಮಣ್ಣ ಮಗನನ್ನು ಕರೆದುಕೊಂಡು ಬೈಂದೂರಿನಿಂದ ಖುದ್ದಾಗಿ ಬಂದು, ಮಾವನ ಮುಖ ನೋಡದೆ ಜಗಲಿಯ ಇನ್ನೊಂದು ತುದಿಯಲ್ಲಿ ಕೂತರು. ನಾನು ಎರಡೂ ಪೇಪರು ಬಿಡಿಸಿದೆ. ಒಂದರಲ್ಲಿ, 'ನಾಯಕರು ಬಾರದ ಕಾರಣ ಗಂಗೊಳ್ಳಿ ಸಭೆ ಮುಂದಕ್ಕೆ'. ಇನ್ನೊಂದರಲ್ಲಿ, 'ಗಂಗೊಳ್ಳಿ ಸಭೆ ಮುಂದಕ್ಕೆ, ನಾಯಕರು ಬರಲಿಲ್ಲ'. ನಾನು ಕನ್ನಡಕ ಸರಿಮಾಡಿಕೊಂಡು, "ಎರಡೂ ಪೇಪರು ಸೇರಿಕೊಂಡು ಸುಳ್ಳು ಬರೆದಿವೆ. ಎರಡಕ್ಕೂ ಸೊನ್ನೆ" ಎಂದು ಘೋಷಿಸಿದೆ.

ಮಾವ ಎದ್ದು ನಿಂತರು. "ನಮ್ಮ ಪೇಪರಿಗೆ ಸೊನ್ನೆಯಾ?"

ರಾಮಣ್ಣನೂ ಎದ್ದರು. "ಮಹಾಬಲಣ್ಣ, ನೀವ್ ಕೂಕಣಿ. ಎರಡ್ ಪೇಪರೂ ಒಂದೇ ಹೇಳಿರೆ ಅದ್ ಸುಳ್ಳ್ ಹ್ಯಾಂಗೆ ಆತ್ತ್? ನನ್ನ ತಂಗಿ ಮಗ ಅಲ್ಲೇ ಐಸ್ ಪ್ಲಾಂಟಗೆ ಇದ್ದ, ಕೇಂಬ."

ಫೋನು ಮಾಡಿದರು. ಸಭೆ ನಡೆದಿರಲಿಲ್ಲ, ಶಾಮಿಯಾನವನ್ನು ಮಧ್ಯಾಹ್ನವೇ ಬಿಚ್ಚಿದ್ದರು. ಜಗಲಿಯಲ್ಲಿದ್ದವರೆಲ್ಲ ಸಾಕ್ಷಿಗಳತ್ತ ತಿರುಗಿದರು. ಪ್ರಕಾಶ ತನ್ನ ಕಾಲಿನ ಹೆಬ್ಬೆರಳನ್ನು ಪರೀಕ್ಷಿಸುತ್ತಿದ್ದ.

"ಹಂಗಾರೆ ನೀವ್ ಹೋದ್ದ್ ಎಲ್ಲಿಗೆ?" ಎಂದು ಮಾವ ಕೇಳಿದರು.

"ಕೋಡಿ ಕಡ್ಲಿಗೆ" ಎಂದಳು ಸುಮನಾ. ಆಮೇಲೆ ಧೈರ್ಯ ತಂದುಕೊಂಡು, "ಕೋಡಿಯಿಂದ ಗಂಗೊಳ್ಳಿ ಕಾಣ್ತಲ್ದಾ ಅಪ್ಪಯ್ಯ?" ಎಂದಳು.

ಯಾವ ವರದಿಗಾರನೂ ಹೊಳೆಯ ಆಚೆ ದಡದಿಂದ ಇಷ್ಟು ವಿವರವಾಗಿ ಸಭೆ ಕಂಡಿರಲಾರ. ಮಾವನ ಮೀಸೆ ಅಲುಗಿತು, ಸಿಟ್ಟಿಗೋ ನಗೆಗೋ ಗೊತ್ತಾಗಲಿಲ್ಲ. "ಅಲ್ಲ್ ಜನ ಎಷ್ಟಿದ್ದಿರ್?" ಎಂದು ಪ್ರಕಾಶನನ್ನು ಕೇಳಿದರು.

"ಇಬ್ರೇ" ಎಂದ ಪ್ರಕಾಶ. ಅಷ್ಟು ದಿನಗಳ ಪರೀಕ್ಷೆಯಲ್ಲಿ ಉಬ್ಬಿಸದೆ ತಗ್ಗಿಸದೆ ಬಂದ ಮೊದಲ ಸಂಖ್ಯೆ ಅದು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಆಗ ಬಾಯಿ ತೆರೆದರು. "ಮದಿ ಆಪುಕೆ ಅಷ್ಟ್ ಜನ ಸಾಕಲ್ದಾ?"

ಮೊದಲು ನಕ್ಕದ್ದು ರಾಮಣ್ಣ. ಮಾವನಿಗೆ ತಡೆಯಲಾಗಲಿಲ್ಲ, ನಕ್ಕು ನಕ್ಕು ಮಂಡಿ ಹಿಡಿದುಕೊಂಡು ಕೂತರು. ಅರ್ಧ ಗಂಟೆಯೊಳಗೆ ಮದುವೆಯ ದಿನ ಗೊತ್ತಾಯಿತು, ಅತ್ತೆ ಮತ್ತೆ ಶಿರಾ ಮಾಡಿದರು. ಬೀಗರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಪೇಪರಿನವರು ಎಷ್ಟು ಕಷ್ಟಪಟ್ಟು ಸುದ್ದಿ ತರುತ್ತಾರೆ, ಅದನ್ನು ತಿದ್ದಲು ಹೊರಟವರಿಗೆ ಎಷ್ಟು ಅಹಂಕಾರ ಎಂದು ನನ್ನ ಎದುರೇ ಮಾತಾಡಿಕೊಂಡರು. ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಮದುವೆ ಚೆನ್ನಾಗಿಯೇ ಆಯಿತು. ಆದರೆ ಆ ಭಾನುವಾರ ಬೆಂಚಿನಿಂದ ಏಳುವ ಮೊದಲು ಮಾವ ನನಗೂ ಒಂದು ಮಾರ್ಕು ಹಾಕಿದ್ದರು. ಸತ್ಯಕ್ಕೆ ಸೊನ್ನೆ, ವಾಲು ಪೂರ್ತಿ ನಾದಿನಿಯ ಕಡೆಗೆ. ಆ ಫಲಿತಾಂಶಕ್ಕೆ ಮರುಮೌಲ್ಯಮಾಪನ ಇಂದಿನವರೆಗೂ ಸಿಕ್ಕಿಲ್ಲ. ನಾನು ಮಳೆ ಬಂತು ಎಂದರೆ ಮಾವ ಅಂಗಳಕ್ಕೆ ಕೈ ಚಾಚಿ ನೋಡುತ್ತಾರೆ. ಬಸ್ಸು ತಡವಾಯಿತು ಎಂದರೆ ಅದೇ ಬಸ್ಸಿನಲ್ಲಿ ಬಂದ ಬೇರೆ ಯಾರನ್ನಾದರೂ ವಿಚಾರಿಸುತ್ತಾರೆ. ಮೊನ್ನೆ ಒಲೆಯ ಹತ್ತಿರದಿಂದ, "ಅಯ್ಯೋ, ಹಾಲೆಲ್ಲ ಉಕ್ಕಿ ಹೋಯಿತು!" ಎಂದು ಕೂಗಿದೆ. ಮಾವ ಪೇಪರು ಮಡಚಿಟ್ಟು, ಮಂಡಿ ಹಿಡಿದುಕೊಂಡು ನಿಧಾನಕ್ಕೆ ಎದ್ದು ಅಡುಗೆಮನೆಗೆ ಬಂದರು. ಪಾತ್ರೆಗೆ ಬಗ್ಗಿ ನೋಡಿದರು, ಒಲೆಯ ಸುತ್ತ ನೋಡಿದರು. ಆಮೇಲೆ ಜಗಲಿಗೆ ಮರಳುತ್ತ ಅತ್ತೆಗೆ ಹೇಳಿದರು:

"ಉಕ್ಕಿದ್ದ್ ಹೌದ್. ಆದ್ರೆ ಅವ್ಳ್ ಹೇಳ್ದಷ್ಟ್ ಅಲ್ಲ."