ಗಗನಯಾತ್ರಿಯ ಬೆನ್ನಿನ ಜಿಪ್ಪು

"ನಾನು ಪರೀಕ್ಷೆ ಮಾಡದೆ ಈ ಮನೆಯಿಂದ ಒಂದು ಹೊಲಿಗೆಯೂ ಹೊರಗೆ ಹೋಗಕೂಡದು!"

ಲಿಫ್ಟ್ ಸಾಹೇಬರು ಹೀಗೆಂದು ಘೋಷಿಸಿದಾಗ ಅವರ ಹೆಂಡತಿ ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿದ್ದರು. ಹಾಗಾಗಿ ಉತ್ತರ ಬರಲಿಲ್ಲ. ಮೂವತ್ತು ವರ್ಷಗಳ ಸಂಸಾರದಲ್ಲಿ ಹೆಂಡತಿ ತಮಗೆ ಎದುರಾಡದೇ ಇದ್ದದ್ದು ಇದೇ ಮೊದಲೆಂದು ಸಾಹೇಬರು ಎದೆಯುಬ್ಬಿಸಿದರು.

ಅವರು ನಿವೃತ್ತ ಲಿಫ್ಟ್ ಇನ್ಸ್‌ಪೆಕ್ಟರು. ಊರಿನ ಲಿಫ್ಟುಗಳನ್ನೆಲ್ಲ ಏರಿ, ಇಳಿದು, ಹಗ್ಗ ಜಗ್ಗಿ, ಸರ್ಟಿಫಿಕೇಟು ಬರೆದವರು. ಕೆಲಸದಿಂದ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಚಾಳಿ ಮಾತ್ರ ಇನ್ನೂ ಸರ್ವೀಸಿನಲ್ಲೇ ಇತ್ತು! ಕುಕ್ಕರಿನ ಹಿಡಿ, ಬಾಗಿಲ ಚಿಲಕ, ಪಕ್ಕದ ಮನೆಯವರ ಏಣಿ, ಎಲ್ಲವನ್ನೂ ಅಲುಗಾಡಿಸಿ ನೋಡಿ "ಫೇಲ್!" ಎಂದು ತೀರ್ಪು ಕೊಡುತ್ತಿದ್ದರು.

ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಯೂನಿಫಾರ್ಮು, ಕಿಟಕಿ ಪರದೆ ಹೊಲಿಯುತ್ತಿದ್ದವರು. ಅವರನ್ನು ಹುಡುಕಿಕೊಂಡು ಸಿನಿಮಾದವರು ಬಂದಿದ್ದರು. ವೈಜ್ಞಾನಿಕ ಚಿತ್ರವಂತೆ. ನೌಕೆಯಿಂದ ಕಳಚಿಕೊಂಡ ಗಗನಯಾತ್ರಿಯೊಬ್ಬ ಶೂನ್ಯದಲ್ಲಿ ಒದ್ದಾಡುತ್ತ ತೇಲಿಹೋಗುತ್ತಾನಂತೆ. ಅವನಿಗೆ ಉಡುಪು ಬೇಕು. ಆಕೆ ಹನ್ನೆರಡು ದಿನ ಕೂತು, ಕಾರಿಗೆ ಹೊದಿಸುವ ಬೆಳ್ಳಿ ಬಣ್ಣದ ಬಟ್ಟೆ, ಹಾಸಿಗೆಯ ಸ್ಪಂಜು, ವಾಷಿಂಗ್ ಮೆಷೀನಿನ ಪೈಪು ಸೇರಿಸಿ ಉಡುಪನ್ನು ಸಿದ್ಧಪಡಿಸಿದ್ದರು. ಶಿರಸ್ತ್ರಾಣ ಮಾತ್ರ ಸಿನಿಮಾದವರದು. ಅದರ ಗಾಜಿಗೆ ಹೊರಗಿನಿಂದ ಕನ್ನಡಿಯ ಹೊಳಪು.

ಒಪ್ಪಿಸುವ ದಿನ ಬೆಳಗ್ಗೆ ಆಕೆ ದಾರದುಂಡೆ ತರಲು ಬೀದಿಯ ಕೊನೆಯ ಅಂಗಡಿಗೆ ಹೋದರು. ಹದಿನೈದೇ ನಿಮಿಷ! ಸಾಹೇಬರಿಗೆ ಅಷ್ಟು ಸಾಕಾಯಿತು. ತೊಟ್ಟು ನೋಡದೆ ಪಾಸು ಮಾಡುವುದು ಹೇಗೆ? ಉಡುಪಿನೊಳಗೆ ಇಳಿದರು. ಜಿಪ್ಪು ಬೆನ್ನಿಗಿತ್ತು. ಅದರ ತುದಿಗೆ ದಾರ ಕಟ್ಟಿ, ದಾರವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ತಾವು ಕುಕ್ಕರುಗಾಲಲ್ಲಿ ಕುಸಿದರು. ಜಿಪ್ಪು ಸರ್ರನೆ ಮೇಲೇರಿತು. ಶಿರಸ್ತ್ರಾಣ ತೊಟ್ಟರು. ಅದೂ ಕ್ಲಿಕ್ಕೆಂದು ಕೂತಿತು. "ಪಾಸ್!" ಎಂದರು.

ಬಿಚ್ಚಲು ಹೋದರೆ ಜಿಪ್ಪು ಕದಲಲಿಲ್ಲ. ಅವರ ಬನಿಯನ್ನಿನ ಅಂಚನ್ನು ಕಚ್ಚಿಕೊಂಡುಬಿಟ್ಟಿತ್ತು. ಶಿರಸ್ತ್ರಾಣದ ಕೊಂಡಿಯೂ ಹಿಂದೆಯೇ ಇತ್ತು. ಆ ದಪ್ಪ ಕೈಗವಸಿಗೆ ಅದು ನಿಲುಕದು.

ಹೆಂಡತಿ ಬಾಗಿಲು ತೆರೆದವರು ಎರಡು ಹೆಜ್ಜೆ ಹಿಂದೆ ಸರಿದರು.

"ರೀ! ಒಳಗಿರೋದು ನೀವೇನಾ?"

ಒಳಗಿಂದ "ಉಂ ಉಂ" ಎಂಬ ಸದ್ದು ಬಂತು. ಆಕೆ ಕೊಂಡಿ ತೆಗೆದರು. ಸಾಹೇಬರ ಮುಖ ಟೊಮೆಟೊ ಹಣ್ಣಾಗಿತ್ತು.

"ಎಂಥಾ ಜಿಪ್ಪು ಹಾಕಿದೀಯೇ? ಇದು ಶುದ್ಧ ಫೇಲು! ಕತ್ತರಿ ತಗೊಂಡು ಕತ್ತರಿಸು!"

"ಕತ್ತರಿಸೋದಾ? ಹನ್ನೆರಡು ದಿನದ ಕೆಲಸ ಇದು! ಕತ್ತರಿ ಮುಟ್ಟಿದ್ರೆ ಮೊದಲು ನಿಮ್ಮ ನಾಲಿಗೆಗೇ ಹಾಕ್ತೀನಿ."

ಅಷ್ಟರಲ್ಲಿ ಸ್ಟುಡಿಯೋದ ವ್ಯಾನು ಬಂದು ಹಾರ್ನ್ ಹೊಡೆಯಿತು. ಆಕೆ ಜಿಪ್ಪು ಎಳೆದರು, ಎಣ್ಣೆ ಹಚ್ಚಿದರು, ಬೆನ್ನಿಗೆ ಮೊಣಕಾಲು ಕೊಟ್ಟು ಜಗ್ಗಿದರು. ಊಹೂಂ.

"ಹೊರಡಿ," ಎಂದರು ಆಕೆ. "ಇವತ್ತು ಬಟ್ಟೆ ಒಪ್ಪಿಸ್ತೀನಿ ಅಂದಿದ್ದೆ, ಒಪ್ಪಿಸ್ತೀನಿ. ಒಳಗೆ ನೀವಿರ್ತೀರಿ, ಅಷ್ಟೇ ವ್ಯತ್ಯಾಸ."

ಬೀದಿಯವರು ನೋಡಿ ನಕ್ಕಾರೆಂದು ಸಾಹೇಬರೇ ಶಿರಸ್ತ್ರಾಣವನ್ನು ಮತ್ತೆ ಹಾಕಿಸಿಕೊಂಡರು. ವ್ಯಾನು ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬಸ್ಸಿನವರೆಲ್ಲ ಕಿಟಕಿಗೆ ಬಂದು ಕೈಬೀಸಿದರು. ಸಾಹೇಬರು ಕಣ್ಣು ಕೆಕ್ಕರಿಸಿ ನೋಡಿದರು. ಕನ್ನಡಿ ಗಾಜಿನಾಚೆ ಅದು ಯಾರಿಗೆ ಕಂಡೀತು!

ಸ್ಟುಡಿಯೋದಲ್ಲಿ "ಇಲ್ಲೇ ನಿಂತಿರಿ, ಯಾರನ್ನಾದ್ರೂ ಕರ್ಕೊಂಬರ್ತೀನಿ" ಎಂದು ಹೆಂಡತಿ ಒಳಗೆ ಹೋದದ್ದೇ ತಡ, ಒಬ್ಬ ದಢೂತಿ ಸ್ಟಂಟ್ ಮಾಸ್ಟರು ಬಂದು, ತನ್ನ ಸ್ಟಂಟ್ ಹುಡುಗನೇ ಎಂದುಕೊಂಡು ಸಾಹೇಬರ ರಟ್ಟೆ ಹಿಡಿದ.

"ಎಷ್ಟೊತ್ತಯ್ಯಾ ನಿನಗೆ ಕಾಯೋದು? ಇಡೀ ಯೂನಿಟ್ಟೇ ನಿಂತಿದೆ!"

"ನಾನು ಅವನಲ್ಲ! ನಾನು ಸರ್ಕಾರದ..." ಎಂದರು ಸಾಹೇಬರು. ಹೊರಗೆ ಕೇಳಿದ್ದು "ಉಂ ಉಂ" ಮಾತ್ರ. ಹಸಿರು ಬಟ್ಟೆ ಹೊದಿಸಿದ ದೊಡ್ಡ ಗೋಡೆಯ ಮುಂದೆ ಅವರ ಸೊಂಟಕ್ಕೆ ಎರಡು ತಂತಿ ಬಿಗಿದು, ಮೇಲಕ್ಕೆ ಎಳೆದೇಬಿಟ್ಟರು. ಸಾವಿರಾರು ಲಿಫ್ಟುಗಳನ್ನು ನಿಲ್ಲಿಸಿದ್ದ ಮನುಷ್ಯನಿಗೆ ತನ್ನನ್ನೇ ಲಿಫ್ಟ್ ಮಾಡಿದ್ದನ್ನು ನಿಲ್ಲಿಸಲಾಗಲಿಲ್ಲ!

ತಲೆಯೆತ್ತಿ ತಂತಿ ನೋಡಿದರು. ಅಬ್ಬಾ! ಬೆರಳಿಗಿಂತ ಸಣ್ಣದು. ತುಕ್ಕು ಬೇರೆ. ಮೂವತ್ತೊಂದು ವರ್ಷದ ಸರ್ವೀಸು ಒಳಗಿನಿಂದ ಸಿಡಿಯಿತು.

"ಈ ತಂತಿ ಯಾವ ದರ್ಜೆದು? ಕೊನೇ ಸಲ ಪರೀಕ್ಷೆ ಆಗಿದ್ದು ಯಾವಾಗ? ಸರ್ಟಿಫಿಕೇಟ್ ತೋರಿಸ್ರೋ! ಎಲ್ಲರನ್ನೂ ಒಳಗೆ ಹಾಕಿಸ್ತೀನಿ!"

ಕೈ ಝಾಡಿಸಿದರು, ಕಾಲು ಒದ್ದರು, ಬುಗುರಿಯಂತೆ ತಿರುಗಿದರು. ಕೆಳಗಿದ್ದ ನಿರ್ದೇಶಕ ಕುರ್ಚಿಯಿಂದ ಎದ್ದು ನಿಂತ. ಅವನ ಕಣ್ಣಲ್ಲಿ ನೀರು.

"ಆಹಾ! ಸಾವಿನ ಎದುರು ಮನುಷ್ಯ! ಇದೇ ಬೇಕಿತ್ತು ನನಗೆ. ಇನ್ನೊಂದು ಟೇಕ್!"

ಒಂದಲ್ಲ, ಐದು ಟೇಕ್! ಗುರುತ್ವವಿಲ್ಲದ ಲೋಕದಲ್ಲಿ ಗುರುತೂ ಇಲ್ಲದೆ ಸಾಹೇಬರು ತೇಲಿದರು. ಹೆಂಡತಿ ಓಡಿಬಂದು "ಅಯ್ಯೋ, ಅವ್ರು ನಮ್ಮ ಯಜಮಾನ್ರು!" ಎಂದು ಕಿರುಚಿದ ಮೇಲೆಯೇ ಇಳಿಸಿದ್ದು. ವಸ್ತ್ರಾಲಂಕಾರದವಳೊಬ್ಬಳು ಜಿಪ್ಪಿಗೆ ಪೆನ್ಸಿಲಿನ ಸೀಸ ಉಜ್ಜಿದಳು. ಒಂದೇ ಎಳೆತಕ್ಕೆ ಬಿಚ್ಚಿತು. ಆ ಅವಮಾನ ಬೇರೆ!

ಹೊರಬಂದ ಸಾಹೇಬರು ಹರಿದ ಬನಿಯನ್ನಿನಲ್ಲೇ ಗುಡುಗಿದರು: "ಪರೀಕ್ಷೆಯಾಗದ ತಂತಿಗೆ, ತರಬೇತಿ ಇಲ್ಲದ ಹಿರಿಯ ನಾಗರಿಕನನ್ನ ನೇತುಹಾಕಿದೀರಿ! ನಿಮ್ಮ ಶೂಟಿಂಗಿಗೆ ಬೀಗ ಹಾಕಿಸ್ದೇ ಇದ್ರೆ ನಾನು ಲಿಫ್ಟ್ ಇನ್ಸ್‌ಪೆಕ್ಟರೇ ಅಲ್ಲ!"

ನಿರ್ದೇಶಕ ಕೈಮುಗಿದ. ಹೊಸ ತಂತಿ ತರಿಸಿದ. ಹೆಂಡತಿಯೂ ಸಮಾಧಾನ ಹೇಳಿದರು. ದೂರು ಅಲ್ಲಿಗೆ ನಿಂತಿತು.

ಚಿತ್ರ ಬಂತು, ಗೆದ್ದಿತು. ಆ ದೃಶ್ಯಕ್ಕೆ ಜನ ಉಸಿರು ಬಿಗಿಹಿಡಿದು ಕೂತರು. "ಅದು ನಾನೇ!" ಎಂದು ಸಾಹೇಬರು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಸಿಟ್ಟೆಲ್ಲ ಕರಗಿ ಕಲೆಯಾಗಿತ್ತು. ಅಷ್ಟರಲ್ಲಿ 'ತೆರೆಮರೆಯ ಸಂಗತಿಗಳು' ಎಂದು ನಿರ್ದೇಶಕನ ಸಂದರ್ಶನ ಪತ್ರಿಕೆಯಲ್ಲಿ ಅಚ್ಚಾಯಿತು. ಬೀಗದ ಭಯ ಅವನನ್ನು ಇನ್ನೂ ಬಿಟ್ಟಿರಲಿಲ್ಲ. "ಆ ಉಡುಪಿನೊಳಗೆ ಯಾರೂ ಇರಲಿಲ್ಲ. ಖಾಲಿ ಉಡುಪನ್ನು ಮೋಟಾರಿನಿಂದ ಆಡಿಸಿದೆವು" ಎಂದುಬಿಟ್ಟಿದ್ದ!

"ಖಾಲೀನಾ?" ಸಾಹೇಬರು ಪತ್ರಿಕೆಯನ್ನು ಮೇಜಿಗೆ ಬಡಿದರು. "ನಾನು ಖಾಲೀನಾ? ಮೋಟಾರಂತೆ! ಐದು ಟೇಕ್ ಒದ್ದಾಡಿದ್ದು ಮೋಟಾರಾ?"

ಮೂರು ಪುಟದ ಖಂಡನಾಪತ್ರ ಬರೆದರು. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಹೆಂಡತಿಗೆ ಫೋನ್ ಬಂತು. ವರ್ಷದ ಶ್ರೇಷ್ಠ ಉಡುಪಿನ ಪ್ರಶಸ್ತಿ ಅವರಿಗೇ! ಒಳಗೆ ಮನುಷ್ಯನಿಲ್ಲದಿದ್ದರೂ ಜೀವಂತ ಮನುಷ್ಯನಂತೆ ಕಾಣುವ ಹಾಗೆ ಹೊಲಿದದ್ದಕ್ಕೆ!

ಸಾಹೇಬರ ಕೈಯಲ್ಲಿ ಲಕೋಟೆ ಹಾಗೇ ಉಳಿಯಿತು. ಆಕೆ ಅದನ್ನು ನೋಡಿದರು.

"ಹಾಕಿ ಬನ್ನಿ. ನಿಜ ತಾನೇ ಬರ್ದಿರೋದು? ಪ್ರಶಸ್ತಿ ಹೋದ್ರೆ ಹೋಗ್ಲಿ, ಯೂನಿಫಾರ್ಮ್ ಹೊಲಿಯೋ ಕೆಲ್ಸ ಇದ್ದೇ ಇದೆ," ಎಂದು ತಲೆತಗ್ಗಿಸಿ ಯಂತ್ರ ತುಳಿಯತೊಡಗಿದರು. ಸೂಜಿಯ ಕೆಳಗೆ ಯಾವ ಬಟ್ಟೆಯೂ ಇಲ್ಲದೆ ಬರಿಯ ಯಂತ್ರ ತುಳಿಯುತ್ತಿದ್ದಾರೆಂದು ಸಾಹೇಬರಿಗೆ ಕಂಡಿತು.

ಅಂಚೆಪೆಟ್ಟಿಗೆಯ ತನಕ ಹೋದರು. ಎರಡು ಸುತ್ತು ಹಾಕಿದರು. ಲಕೋಟೆಯನ್ನು ನಾಲ್ಕು ಚೂರು ಮಾಡಿ ಕಸದ ಡಬ್ಬಿಗೆ ಹಾಕಿ, "ಕಾಗದದ ದರ್ಜೆ ಸರಿಯಿಲ್ಲ, ಫೇಲ್!" ಎಂದು ಗೊಣಗಿಕೊಂಡು ಮನೆಗೆ ಬಂದರು.

ಸಮಾರಂಭದಲ್ಲಿ ಸಾಹೇಬರು ಎರಡನೇ ಸಾಲಿನಲ್ಲಿ ತುಟಿ ಬಿಗಿದು ಕೂತಿದ್ದರು. ಪ್ರಶಸ್ತಿ ಕೊಟ್ಟ ನಿರೂಪಕ ಮೈಕನ್ನು ಆಕೆಯ ಮುಂದೆ ಹಿಡಿದ.

"ಅಮ್ಮಾ, ಖಾಲಿ ಉಡುಪಿಗೆ ಅಷ್ಟು ಜೀವ ಹೇಗೆ ತುಂಬಿದ್ರಿ?"

ಆಕೆ ಎರಡನೇ ಸಾಲಿನತ್ತ ಒಮ್ಮೆ ನೋಡಿದರು.

"ಪೂರ್ತಿ ಖಾಲಿ ಇರ್ಲಿಲ್ಲ ಸಾರ್. ಮನೇಲಿ ಒಂದು ಹಳೇ ಸಾಮಾನಿತ್ತು. ಮೂವತ್ತೊಂದು ವರ್ಷ ಸರ್ಕಾರದವರು ಉಪಯೋಗಿಸಿ ವಾಪಸ್ ಕೊಟ್ಟಿದ್ದು. ಸುಮ್ನೆ ಬಿದ್ದಿರುತ್ತಲ್ಲ ಅಂತ ಅದನ್ನೇ ತುಂಬಿದ್ದೆ."

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಹಳೇ ಸಾಮಾನು ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು!